ನಾಗವೇಣಿಯ ಸಡಿಲ ಗಂಟು

ಹೋದ ವಾರ ಕಲ್ಯಾಣದುರ್ಗದಿಂದ ನಮ್ಮ ಮನೆಗೆ ಒಂದು ಚೀಲ ಕಡಲೆಕಾಯಿ ಬಂತು. ಕಳಿಸಿದವಳು ನಾಗವೇಣಿ, ನನ್ನ ಜೊತೆ ಎಂ.ಎಸ್ಸಿ. ಓದಿದವಳು. ನಮ್ಮೂರು ಹಿಂದೂಪುರದಲ್ಲಿ ಏನೋ ಕೆಲಸವಿದ್ದ ಅವಳ ಸಂಬಂಧಿಕರೊಬ್ಬರು ತಂದು ಬಾಗಿಲಲ್ಲಿಟ್ಟು, ಒಂದು ಲೋಟ ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಚೀಲದ ಬಾಯಿಗೆ ದಾರ ಕಟ್ಟಿತ್ತು. ಕಟ್ಟಿತ್ತು ಎಂದರೆ ಆ ದಾರಕ್ಕೆ ಇಲ್ಲದ ಮರ್ಯಾದೆ ಕೊಟ್ಟಂತಾಗುತ್ತದೆ. ಸುಮ್ಮನೆ ಒಂದೆರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ, ಮಿಕ್ಕದ್ದನ್ನು ದೇವರಿಗೆ ಬಿಟ್ಟಿದ್ದಳು. ಆದರೂ ರೊದ್ದಂ ಕಡೆಯ ಆ ರಸ್ತೆಯಲ್ಲಿ ಕುಲುಕಾಡಿಕೊಂಡು ಬಂದ ಚೀಲದಿಂದ ಒಂದು ಕಾಯಿಯೂ ಕೆಳಗೆ ಬಿದ್ದಿರಲಿಲ್ಲ.

ಕಡಲೆಕಾಯಿ ಹೆಚ್ಚು ತಿಂದರೆ ಹೊಟ್ಟೆ ಉರಿಯುತ್ತದೆ ಎನ್ನುತ್ತಾರೆ. ನನಗೆ ಚೀಲ ಬಿಚ್ಚುವ ಮೊದಲೇ ಉರಿಯಿತು. ಆ ಗಂಟನ್ನು ನೋಡುತ್ತಾ ಹಜಾರದಲ್ಲಿ ಕೂತುಬಿಟ್ಟೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಅಮ್ಮ ಒಳಗಿನಿಂದ ಕೂಗಿ, ಕೊನೆಗೆ ತಾನೇ ಎದ್ದು ಬಂದು ಒಲೆ ಆರಿಸಿ, "ಕಾಯಿ ಚೀಲದ ಮುಂದೆ ತಪಸ್ಸಿಗೆ ಕುಂತ್ಬುಟ್ಟಿದ್ದೀಯಲ್ಲೇ, ಏನಾಯ್ತೇ ನಿಂಗೆ?" ಅಂದಳು. ಏನಾಯಿತು ಎಂದು ಅಮ್ಮನಿಗೆ ಹೇಳುವುದು ಕಷ್ಟ. ನಿಮಗೆ ಹೇಳಬಹುದು.

ಮೊದಲು ಗಂಟಿನ ವಿಷಯ. ನಮ್ಮದು ಮಗ್ಗದ ಮನೆ. ನಾನು ಅ ಆ ಇ ಈ ಕಲಿಯುವ ಮೊದಲು ಗಂಟು ಹಾಕುವುದು ಕಲಿತೆ. ಮಗ್ಗದ ಮೇಲೆ ಎಳೆ ಕಡಿದರೆ ಅದಕ್ಕೆ ಗಂಟು ಹಾಕಬೇಕು. ಆ ಗಂಟು ಸಾಸಿವೆಗಿಂತ ಸಣ್ಣದಾಗಿರಬೇಕು. ಹಣಿಗೆಯ ಹಲ್ಲುಗಳ ಸಂದಿನಲ್ಲಿ ತಡೆಯದೆ ದಾಟಬೇಕು. ಸೀರೆ ಉಟ್ಟವಳು ಬೆರಳಾಡಿಸಿದರೂ ಕೈಗೆ ಸಿಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಬಿದ್ದ ಗಂಟು ಆ ಸೀರೆ ಹರಿದು ಮಸಿಬಟ್ಟೆಯಾಗುವವರೆಗೂ ಬಿಚ್ಚಬಾರದು. ನನ್ನ ಬೆರಳು ಆಗ ಸಣ್ಣವು, ಕಣ್ಣು ಚುರುಕು. ಶಾಲೆಯಿಂದ ಬಂದ ಕೂಡಲೇ ಅಪ್ಪ ಮಗ್ಗದ ಗುಂಡಿಯಿಂದಲೇ "ಪದ್ದೀ, ಬಾರಮ್ಮ, ಇಲ್ಲೊಂದು ಎಳೆ ಹೋಗೈತೆ" ಎಂದು ಕರೆಯುತ್ತಿದ್ದರು. ನಾನು ಚೀಲ ಬಿಸಾಕಿ ಹೋಗಿ, ಬೆರಳಿಗೆ ಒಂದಿಷ್ಟು ಬೂದಿ ಹಚ್ಚಿಕೊಂಡು, ಗಂಟು ಹಾಕಿ, ಹಲ್ಲಿನಿಂದ ತುದಿ ಕಡಿದು ಉಗುಳುತ್ತಿದ್ದೆ. ಅಪ್ಪ ಎಳೆದು ನೋಡಿ, "ಕಬ್ಬಿಣ ಕಣಮ್ಮ ಇದು" ಅನ್ನುತ್ತಿದ್ದರು. ನಾನು ಜೀವನದಲ್ಲಿ ಕೇಳಿದ ಹೊಗಳಿಕೆಗಳಲ್ಲಿ ಅದೇ ದೊಡ್ಡದು. ಆಮೇಲೆ ಬಂದ ಡಿಗ್ರಿಗಳಿಗೂ ಅಷ್ಟು ಉಬ್ಬಿದ್ದಿಲ್ಲ.

ಎರಡನೆಯದು ಹೊಟ್ಟೆಕಿಚ್ಚಿನ ವಿಷಯ. ಅದೂ ನಮ್ಮ ಮನೆತನದ ಸ್ವತ್ತೇ. ಅಪ್ಪನ ತಾಯಿ, ನಮ್ಮ ಅಜ್ಜಿ, ತನ್ನ ಓರಗಿತ್ತಿಯ ತಾಮ್ರದ ಹಂಡೆಯನ್ನು ನೆನೆದು ಸಾಯುವವರೆಗೂ ಕೊರಗಿದವಳು. ಓರಗಿತ್ತಿ ಸತ್ತು, ಹಂಡೆ ತೂತಾಗಿ, ಅದರಲ್ಲಿ ಯಾರೋ ತುಳಸಿ ನೆಟ್ಟ ಮೇಲೂ, "ಅವ್ಳ ತುಳಸಿ ನೋಡು ಎಂಗ್ ಬೆಳ್ಕಂಡೈತೆ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಅಪ್ಪನಿಗೆ ಮಾತ್ರ ಇದರ ಗಾಳಿಯೂ ಸೋಕಿರಲಿಲ್ಲ. ಪಕ್ಕದ ಮಗ್ಗದಲ್ಲಿ ಒಳ್ಳೆಯ ಸೀರೆ ಇಳಿದರೆ ಹೋಗಿ ನೋಡಿ, ಅಂಚು ಮುಟ್ಟಿ, ಹೊಗಳಿ, ಕಾಫಿ ಕುಡಿದು ಬರುವ ಮನುಷ್ಯ. ಹಾಗಾದರೆ ಇದು ನನಗೆ ಎಲ್ಲಿಂದ ಬಂತು ಎಂಬ ಅನುಮಾನ ನನಗೆ ಬಹಳ ವರ್ಷ ಇತ್ತು. ಜೆನೆಟಿಕ್ಸ್ ಓದಲು ಹೋದದ್ದಕ್ಕೆ ಅದೂ ಒಂದು ಕಾರಣವೆಂದರೆ ನಗಬೇಡಿ.

ನಾನು ಆ ಸೀಟು ಹಿಡಿದಾಗ ಅಜ್ಜಿ ಇನ್ನೂ ಇದ್ದಳು. "ಅದ್ರಾಗೆ ಏನ್ ಹೇಳ್ಕೊಡ್ತಾರೆ?" ಎಂದು ಕೇಳಿದಳು. ಯಾರ ಮೂಗು ಯಾರಿಗೆ ಬಂತು, ಯಾಕೆ ಬಂತು ಎನ್ನುವುದನ್ನು ಹೇಳಿಕೊಡುತ್ತಾರೆ ಅಂದೆ. "ಅದುಕ್ಕೆ ಹಾಸ್ಟ್ಲು ಸೇರ್ಬೇಕಾ? ತೊಟ್ಲು ಹತ್ರ ನಿಂತ್ಕಳೋ ಹೆಂಗಸ್ರು ಪುಕ್ಸಟ್ಟೆ ಹೇಳ್ತಾರೆ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, ತನ್ನ ಓರಗಿತ್ತಿಯ ಮೊಮ್ಮಗಳು ಏನು ಓದುತ್ತಿದ್ದಾಳೆ ಎಂದು ವಿಚಾರಿಸಿದಳು. ಅವಳು ಬರೀ ಬಿ.ಕಾಂ. ಎಂದು ತಿಳಿದ ಮೇಲೆಯೇ ನನಗೆ ಆಶೀರ್ವಾದ ಸಿಕ್ಕಿದ್ದು.

ಅಲ್ಲಿ ಮೊದಲ ತಿಂಗಳಲ್ಲೇ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿತು. ಕೆಲವು ಗುಣಗಳು ಪ್ರಬಲ. ಅಪ್ಪನಿಂದಲೋ ಅಮ್ಮನಿಂದಲೋ, ಒಂದು ಕಡೆಯಿಂದ ಬಂದರೂ ಸಾಕು, ಎದ್ದು ಕಾಣುತ್ತವೆ. ಕೆಲವು ಸುಪ್ತ, ಒಂದೇ ಕಡೆಯಿಂದ ಬಂದರೆ ಒಳಗೇ ಮಲಗಿರುತ್ತವೆ, ಎರಡೂ ಕಡೆಯಿಂದ ಬಂದಾಗ ಮಾತ್ರ ಎದ್ದು ಕೂರುತ್ತವೆ. ನಮ್ಮಪ್ಪ ಅಜ್ಜಿಯ ಕಿಚ್ಚನ್ನು ತಮಗೇ ತಿಳಿಯದೆ ಒಳಗೆ ಹೊತ್ತುಕೊಂಡು ಬಂದು ನನಗೆ ದಾಟಿಸಿದ್ದರು! ಆದರೆ ಲೆಕ್ಕ ಸರಿಹೋಗಬೇಕಾದರೆ ಅಮ್ಮನ ಕಡೆಯಿಂದಲೂ ಒಂದು ಪಾಲು ಬಂದಿರಬೇಕು. ರಜೆಗೆ ಬಂದಾಗ ಅಮ್ಮನಿಗೆ ಇದನ್ನು ವಿವರಿಸಿದೆ. "ನಮ್ ಕಡೆ ಅಂಥಾದ್ದೇನೂ ಇಲ್ಲ ಕಣಮ್ಮ," ಎಂದಳು ಅಮ್ಮ. "ನಿಮ್ ದೊಡ್ಡಮ್ಮ ಹೊಸಾ ಫ್ರಿಜ್ಜು ತಂದ್ಲಲ್ಲ, ನಾನೇನಾದ್ರೂ ಅಂದ್ನಾ? ಇರೋರು ಇಬ್ರು, ಎಲ್ಡು ಬಾಗಿಲಿಂದು ಯಾಕ್ ಬೇಕಾಗಿತ್ತೋ ಅವ್ಳಿಗೆ!" ಲೆಕ್ಕ ಸರಿಹೋಯಿತು. ಸ್ವಭಾವಗಳು ಬಟಾಣಿಯ ಬಣ್ಣದಷ್ಟು ಸರಳವಾಗಿ ಇಳಿದು ಬರುವುದಿಲ್ಲ ಎಂದು ಈಗ ನಾನೇ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮನೆಗೆ ಬಂದು ಅಮ್ಮನ ಮಾತು ಕೇಳಿದರೆ ಆ ಪಾಠ ಮರೆತುಹೋಗುತ್ತದೆ.

ಈಗ ನಾಗವೇಣಿ. ಕಲ್ಯಾಣದುರ್ಗದ ಹತ್ತಿರದ ಊರಿನವಳು, ಕಡಲೆಕಾಯಿ ಹೊಲದ ರೈತರ ಮಗಳು. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದು ಟ್ರಂಕು ಇಳಿಸಿದ ದಿನವೇ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು. ಕಾರಣ ಇಷ್ಟೇ: ದಿಂಬಿಗೆ ತಲೆ ಇಟ್ಟಳು, ನಿದ್ದೆ ಹೋದಳು. ನಾನು ನಿದ್ದೆಗೆ ಎಷ್ಟೋ ಹೊತ್ತು ಕಾಯುವವಳು. ಆಮೇಲೆ ಒಂದೊಂದಾಗಿ ಕಾರಣಗಳು ಸೇರಿದವು. ಅವಳ ಜಡೆ ನನ್ನದಕ್ಕಿಂತ ದಪ್ಪ. ಎಷ್ಟು ಮುದ್ದೆ ತಿಂದರೂ ದಪ್ಪಗಾಗುತ್ತಿರಲಿಲ್ಲ. ಅವಳ ಅಕ್ಷರ ಕೋಳಿ ಕೆದರಿದಂತಿದ್ದರೂ ಮೇಷ್ಟ್ರುಗಳು ಕಷ್ಟಪಟ್ಟು ಓದಿ ನನಗಿಂತ ಹೆಚ್ಚು ಅಂಕ ಕೊಡುತ್ತಿದ್ದರು. ನನ್ನ ಮುತ್ತಿನಂಥ ಅಕ್ಷರವನ್ನು ಓದಲು ಕಷ್ಟವೇ ಇಲ್ಲದ್ದರಿಂದ ಅವರು ತಪ್ಪುಗಳನ್ನು ಬೇಗ ಕಂಡುಹಿಡಿಯುತ್ತಿದ್ದರು.

ಪಾಠವಾದರೂ ಅವಳಿಗೆ ಕಷ್ಟವಾಗಬೇಡವೇ? ವರ್ಣತಂತುಗಳು ಜೋಡಿಯಾಗಿ ನಿಂತು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವ ಅಧ್ಯಾಯ ಒಂದಿದೆ, ಕ್ರಾಸಿಂಗ್ ಓವರ್ ಎಂದು. ಹತ್ತಿರ ಕೂತ ಗುಣಗಳು ಸಾಮಾನ್ಯವಾಗಿ ಒಟ್ಟಿಗೇ ಹೋಗುತ್ತವೆ, ದೂರ ಕೂತವು ಬೇರೆಯಾಗುತ್ತವೆ ಎಂಬುದು ಅದರ ಸಾರ. ನಾನು ಅದನ್ನು ಮೂರು ಪುಸ್ತಕ ಮುಂದಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಅವಳು ಮಂಚದ ಮೇಲೆ ಅಂಗಾತ ಮಲಗಿ ಕಡಲೆಕಾಯಿ ಒಡೆಯುತ್ತಾ, "ಬಸ್ನಾಗೆ ಪಕ್ಕಪಕ್ಕ ಕುಂತೋರು ಒಂದೇ ಸ್ಟಾಪ್ನಾಗೆ ಇಳಿಯೋದು ಜಾಸ್ತಿ ಕಣೇ. ಮುಂದ್ಗಡೆ ಸೀಟು, ಹಿಂದ್ಗಡೆ ಸೀಟು ಅಂದ್ರೆ ಎಲ್ಲಿ ತಪ್ಪಿಸ್ಕೊಂತಾರೋ ಹೇಳಕ್ಕಾಗಲ್ಲ. ಅಂತೇ!" ಎಂದಳು. ಅಂತೇ! ಅಷ್ಟೇ! ನಾನು ಪುಸ್ತಕ ಮುಚ್ಚಿ, ತಲೆನೋವೆಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದೆ. ಇವತ್ತಿಗೂ ತರಗತಿಯಲ್ಲಿ ಆ ಬಸ್ಸಿನ ಉದಾಹರಣೆಯನ್ನೇ ಕೊಡುತ್ತೇನೆ. ಯಾರದೆಂದು ಹೇಳುವುದಿಲ್ಲ.

ಎರಡನೆಯ ವರ್ಷ ಪ್ರಾಜೆಕ್ಟು. ನಮ್ಮಿಬ್ಬರಿಗೂ ಕಡಲೆಕಾಯಿಯ ಸಂಕರ ಬಿತ್ತು. ಎರಡು ತಳಿಗಳನ್ನು ಕೂಡಿಸಿ ಹೊಸ ಗಿಡ ಪಡೆಯುವ ಕೆಲಸ. ಪ್ರಯೋಗದ ಹೊಲ ಕಲ್ಯಾಣದುರ್ಗದ ಹೊರಗೆ. ನಮ್ಮ ಗೈಡ್ ಸಾರ್ ತೆಲುಗಿನವರು, ಮಾತು ಕಡಿಮೆ. ಹೊರಡುವ ಮೊದಲು ಒಂದೇ ಮಾತು ಹೇಳಿದರು: ಯಾರ ಸಾಲಿನಲ್ಲಿ ಸಂಕರದ ಕಾಯಿ ಸರಿಯಾಗಿ ಕಟ್ಟುತ್ತದೋ ಅವರನ್ನು ಮುಂದಿನ ಸಂಶೋಧನೆಗೆ ತಮ್ಮ ಜೊತೆಯಲ್ಲೇ ಉಳಿಸಿಕೊಳ್ಳುತ್ತೇನೆ. ನನಗೆ ಅದು ಬೇಕಿತ್ತು. ಬೇಕಿತ್ತು ಎಂದರೆ ಬಾಯಾರಿದವಳಿಗೆ ನೀರು ಬೇಕಾದ ಹಾಗೆ. ನಮ್ಮ ಮನೆಯಲ್ಲಿ ನೇಯ್ದ ಸೀರೆಗಳೆಲ್ಲ ಯಾರದೋ ಮೈಮೇಲೆ ಹೋದವು, ಒಂದರ ಮೇಲೂ ನಮ್ಮ ಹೆಸರಿಲ್ಲ. ಈ ಲೋಕದಲ್ಲಿ ಇದುವರೆಗೆ ಇಲ್ಲದ ಒಂದು ಗಿಡ, ನನ್ನ ಕೈಯಿಂದ ಹುಟ್ಟಿದ್ದು, ಇದು ಪದ್ಮಾವತಿಯದು ಎನ್ನಿಸಿಕೊಳ್ಳುವಂಥದ್ದು, ಒಂದಾದರೂ ಬೇಕು ಎಂದು ಆಸೆಪಟ್ಟೆ. ನಾಗವೇಣಿಗೂ ಆಗಬಹುದಿತ್ತು, ನನಗೂ ಆಗಬಹುದಿತ್ತು. ಇಬ್ಬರಿಗೂ ಆಗುವುದು ನನಗೆ ಅಷ್ಟು ಇಷ್ಟವಿರಲಿಲ್ಲ.

ಹೊಲದ ಹತ್ತಿರ ಇರುವುದೆಂದರೆ ನಾಗವೇಣಿಯ ಮನೆಯಲ್ಲೇ ಇರುವುದು. ಅವಳ ತಾಯಿ ನನ್ನನ್ನು ನೋಡಿದ ಕೂಡಲೇ, "ಮಗ್ಗದೋರ ಮಗ್ಳು ನೂಲಿನಂಗೇ ಆಗೋಗಿದ್ದೀಯ, ತಿನ್ನು ಕಣಮ್ಮ" ಎಂದು ತಟ್ಟೆಗೆ ಮಂಡಕ್ಕಿಯ ಉಗ್ಗಾಣಿ ಸುರಿದು, ಮೇಲೆ ಬಜ್ಜಿ ಇಟ್ಟರು. ಆ ಮನೆಯಲ್ಲಿ ಎಲ್ಲದರಲ್ಲೂ ಕಡಲೆಕಾಯಿ. ಚಟ್ನಿಯಲ್ಲಿ, ಸಾರಿನಲ್ಲಿ, ಮಾತಿನಲ್ಲಿ. ನಾವೇನು ಮಾಡುತ್ತೇವೆಂದು ನಾಗವೇಣಿ ವಿವರಿಸಿದಾಗ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕಡಲೆಕಾಯಿ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿರುತ್ತವೆ. ಹೂ ಅರಳುವಷ್ಟರಲ್ಲಿ ಒಳಗೇ ಮದುವೆ ಮುಗಿದಿರುತ್ತದೆ. ನಾವು ಅದನ್ನು ತಪ್ಪಿಸಿ ಬೇರೆ ಗಿಡದ ಪರಾಗ ತಂದು ಹಾಕಬೇಕು. "ಅಂದ್ರೆ ಮೇನರಿಕ ಬಿಡಿಸಿ ಹೊರಗ್ಲಿಂದ ಸಂಬಂಧ ತರ್ತೀರಾ ಅನ್ನು!" ಎಂದರು. ಸೋದರ ಸಂಬಂಧದ ಮದುವೆಗೆ ಮೇನರಿಕವೆನ್ನುವುದು ನಮ್ಮ ಕಡೆಯ ರೂಢಿ, ಅದನ್ನು ಬಿಟ್ಟು ಹೊರಗೆ ಹೋದರೆ ಮನೆಮನೆಯಲ್ಲೂ ಜಗಳ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಕೆಲಸ ಹೀಗೆ. ಸಂಜೆ ಗೋಣಿತಾಟು ಹಾಸಿಕೊಂಡು ಹೊಲದಲ್ಲಿ ಬೋರಲು ಮಲಗಬೇಕು, ಯಾಕೆಂದರೆ ಗಿಡ ಮೊಣಕಾಲಿಗೂ ಬರುವುದಿಲ್ಲ. ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಕಿತ್ತು ಹಾಕಬೇಕು. ಬೆಳಿಗ್ಗೆ ಎದ್ದು ಬಂದು ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಹೂವಿನ ಕೆಳಗೆ ದಾರದಷ್ಟು ಸಪೂರವಾದ ಒಂದು ಕೊಳವೆ ಇರುತ್ತದೆ. ಪರಾಗದ ಜೀವ ಅದರೊಳಗಿಂದ ಇಳಿದು ಬುಡದಲ್ಲಿರುವ ಅಂಡವನ್ನು ಸೇರಬೇಕು. ಸೇರಿದರೆ ಕೆಲವು ದಿನಕ್ಕೆ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು ಮಣ್ಣಿಗಿಳಿಯುತ್ತದೆ. ಅದರ ತುದಿಯಲ್ಲಿ ಕಾಯಿ. ಯಾವ ಹೂವಿಗೆ ನಾವು ಕೈ ಹಾಕಿದ್ದೇವೆ ಎಂದು ಗುರುತು ಸಿಗಲು ಆ ಹೂವಿನ ಕೊಳವೆಗೆ ಬಣ್ಣದ ದಾರ ಕಟ್ಟಬೇಕು. ಮಿಕ್ಕ ಹೂಗಳನ್ನು ದಿನಾ ಕಿತ್ತುಬಿಡಬೇಕು.

ದಾರ ಎಂದಾಗ ನನ್ನ ಮುಖ ಅರಳಿದ್ದನ್ನು ನೀವು ಊಹಿಸಿಕೊಳ್ಳಿ. ಕೊನೆಗೂ ನಾಗವೇಣಿಗೆ ಬರದ, ನನಗೆ ಬರುವ ಒಂದು ವಿದ್ಯೆ! ಅಪ್ಪನಿಗೆ ಫೋನು ಮಾಡಿದೆ. ಯಾರದೋ ಧಾರೆ ಸೀರೆಯ ಅಂಚಿನಲ್ಲಿ ಉಳಿದ ಕೆಂಪು ರೇಷ್ಮೆಯನ್ನು ಅವರು ಒಂದು ಹಿಡಿ ಕಟ್ಟಿ ಬಸ್ಸಿನಲ್ಲಿ ಕಳಿಸಿದರು. ಸಾರ್ ಬಂದು ಮೊದಲ ಹೂವಿಗೆ ತಾವೇ ಕಟ್ಟಿ ತೋರಿಸಿದಾಗ ಆ ಗಂಟು ನೋಡಿ ನನಗೆ ನಾಚಿಕೆಯಾಯಿತು, ಜೋತುಬಿದ್ದ ಗಂಟು. ನಾನು ನನ್ನ ಸಾಲಿನಲ್ಲಿ ಅದನ್ನು ಉತ್ತಮಪಡಿಸಿದೆ. ಹಸಿರು ಗಿಡಗಳ ನಡುವೆ ನನ್ನ ಕೆಂಪು ಗಂಟುಗಳು ಕುಂಕುಮದ ಬೊಟ್ಟಿಟ್ಟಂತೆ ಕಾಣುತ್ತಿದ್ದವು. ಇನ್ನೊಮ್ಮೆ ಬಂದಾಗ ಸಾರ್ ಕೂಡ ನಿಂತು ನೋಡಿ, "ನೀಟ್‌ಗಾ ಉಂದಿ", ನೀಟಾಗಿದೆ, ಎಂದು ಹೋದರು. ನಾಗವೇಣಿಯ ಸಾಲಿನಲ್ಲಿ ನಿಲ್ಲಲೂ ಇಲ್ಲ. ಆ ದಿನ ರಾಗಿ ಮುದ್ದೆ ಸ್ವಲ್ಪ ಹೆಚ್ಚೇ ತಿಂದೆ.

ನಾಗವೇಣಿಯ ದಾರವೋ, ಗೊಬ್ಬರದ ಚೀಲದ ಹೊಲಿಗೆಯಿಂದ ಜಗ್ಗಿ ತೆಗೆದ ಬಿಳಿ ನೂಲು. ಅವಳ ಗಂಟು, ಮೇಕೆಯನ್ನು ಗೂಟಕ್ಕೆ ಕಟ್ಟಿ ಈಗ ಬತ್ತೀನಿ ಎಂದು ಹೋದವರ ಗಂಟು. ಗಾಳಿಗೆ ಅಲ್ಲಾಡುತ್ತಿತ್ತು. ಒಂದು ಸಂಜೆ ಗೋಣಿತಾಟಿನ ಮೇಲಿಂದ ತಲೆಯೆತ್ತಿ ನನ್ನ ಸಾಲು ನೋಡಿ, ತನ್ನ ಸಾಲು ನೋಡಿ, "ಪದ್ದಿ, ನನ್ ಹೂಗೂ ನೀನೇ ಗಂಟು ಹಾಕ್ಕೊಡೇ" ಎಂದಳು. "ನನ್ ಕೈಗೆ ಈ ಕೆಲ್ಸ ಬರಲ್ಲ. ನಾನು ಬೇಕಾದ್ರೆ ನಿನ್ ಪರಾಗ ಹಾಕ್ಕೊಡ್ತೀನಿ."

ಗಂಟು ಹಾಕಿಕೊಡುವುದು ನನಗೆ ಒಂದು ಗಳಿಗೆಯ ಕೆಲಸ. ಆದರೆ ಜಡೆ, ನಿದ್ದೆ, ಅಂಕ, ಬಸ್ಸಿನ ಉದಾಹರಣೆ, ಇವೆಲ್ಲ ಇರುವವಳಿಗೆ ನನ್ನ ಗಂಟನ್ನೂ ಕೊಟ್ಟರೆ ನನಗೇನು ಉಳಿಯಿತು? "ಇಲ್ಲ ಕಣೇ," ಅಂದೆ, "ಅವರವರ ಸಾಲು ಅವರವರೇ ಮಾಡ್ಬೇಕು ಅಂತ ಸಾರ್ ಹೇಳಿಲ್ವಾ?" ಸಾರ್ ಹಾಗೆ ಹೇಳಿರಲಿಲ್ಲ. "ಹೌದಾ? ಸರಿ ಬಿಡು" ಎಂದು ಅವಳು ಮತ್ತೆ ಬೋರಲಾದಳು. ಅನುಮಾನಪಡಲೂ ಬಾರದ ಹುಡುಗಿ. ಅದಕ್ಕೂ ಒಂದಿಷ್ಟು ಉರಿಯಿತು.

ವರಮಹಾಲಕ್ಷ್ಮಿ ಹಬ್ಬ ಬಂತು. ಅಮ್ಮ ಫೋನು ಮಾಡಿ, ಬರದಿದ್ದರೆ ಲಕ್ಷ್ಮಿಯೂ ಬರುವುದಿಲ್ಲ ಎಂದು ಹೆದರಿಸಿದಳು. ಹಿಂದೂಪುರಕ್ಕೆ ಹೊರಡುವಾಗ ನಾಗವೇಣಿಗೆ, "ನನ್ನ ಸಾಲು ಮುಟ್ಟಬೇಡ ಕಣೇ, ಹಾಗೇ ಇರಲಿ, ನಾನು ಬಂದು ನೋಡ್ಕೋತೀನಿ" ಎಂದು ಹೇಳಿ ಹೋದೆ. "ಮುಟ್ಟಲ್ಲ, ಹೋಗ್ಬಾ. ಒಬ್ಬಟ್ಟು ತತ್ತೀಯ?" ಎಂದಳು. ತರುತ್ತೇನೆ ಅಂದೆ. ರೇಷ್ಮೆಯ ಉಂಡೆಯನ್ನು ಅವಳ ಮನೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದೆ.

ಒಬ್ಬಟ್ಟು ಹಿಡಿದುಕೊಂಡು ಮರಳಿ ಬಂದು ನೋಡುತ್ತೇನೆ, ನಾಗವೇಣಿಯ ಸಾಲಿನಲ್ಲಿ ಸೂಜಿಗಳು ಇಳಿಯುತ್ತಿವೆ. ಬಿಳಿ ನೂಲಿನ ಬುಡದಲ್ಲೆಲ್ಲ ಒಂದೊಂದು, ಮಣ್ಣಿಗೆ ಮೂಗು ತೂರಿಸಿಕೊಂಡು. ಅವಳ ತಾಯಿ "ಊಡಲು ದಿಗಿನಾಯಿ", ಬಿಳಲು ಇಳಿದವು, ಎಂದು ತೆಲುಗಿನಲ್ಲಿ ಸಂಭ್ರಮಪಡುತ್ತಾ ಅಕ್ಕಪಕ್ಕದ ಹೊಲದವರನ್ನು ಕರೆತಂದು ತೋರಿಸುತ್ತಿದ್ದರು. ನನ್ನ ಸಾಲಿನಲ್ಲಿ ಕೆಂಪು ಗಂಟುಗಳು ಮಾತ್ರ ಇದ್ದವು, ಒಣಗಿದ ಎಳೆಗಳ ಮೇಲೆ, ಬಿಗಿಯಾಗಿ. ಬಿಸಿಲು ಹೆಚ್ಚಾಯಿತು ಅಂದೆ. ನನ್ನ ಸಾಲು ಬದುವಿನ ಪಕ್ಕ ಇರುವುದರಿಂದ ತೇವ ನಿಲ್ಲುವುದಿಲ್ಲ ಅಂದೆ. ನನ್ನ ಗಂಡು ತಳಿಯಲ್ಲೇ ದೋಷವಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲದ ಜೊತೆಗೆ ಸೂರ್ಯನನ್ನೂ ಸೇರಿಸಿದೆ. ಹೂವಿನ ಕಾಲ ಮುಗಿಯುವವರೆಗೂ ಇನ್ನಷ್ಟು ಹೂಗಳಿಗೆ, ಹಠಕ್ಕೆ ಬಿದ್ದು ಇನ್ನಷ್ಟು ಬಿಗಿಯಾಗಿ, ಗಂಟು ಹಾಕಿದೆ.

ಗಿಡ ಕೀಳುವ ದಿನ ಸಾರ್ ಬಂದರು. ನಾಗವೇಣಿಯ ಗಿಡಗಳಲ್ಲಿ ಬಿಳಿ ನೂಲಿನ ಕೆಳಗೆ ಕಾಯಿಗಳು ಜೋತಾಡುತ್ತಿದ್ದವು. ನನ್ನ ಗಿಡಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಕೆಳಗಿಟ್ಟರು. ಕೊನೆಯದರ ಹತ್ತಿರದ ಒಂದು ಗಿಡದಲ್ಲಿ, ದಾರದ ಕೆಳಗೆ ಒಂದೇ ಒಂದು ಕಾಯಿ. ಅವರು ಜೇಬಿನಿಂದ ಮಸೂರ ತೆಗೆದು, ಒಣಗಿದ ಒಂದು ಕೆಂಪು ಗಂಟನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ರೇಷ್ಮೆ ಆ ಸಪೂರ ಕೊಳವೆಯೊಳಕ್ಕೆ ಕೊಯ್ದುಕೊಂಡು ಇಳಿದಿತ್ತು. ಪರಾಗ ಬುಡಕ್ಕೆ ಹೋಗುವ ದಾರಿಯನ್ನೇ ನಾನು ಕಟ್ಟಿಹಾಕಿದ್ದೆ. "ಗೊಂತು ಪಿಸಿಕೇಸಿನಾವು ಕದಮ್ಮಾ" ಎಂದರು. ಕತ್ತು ಹಿಸುಕಿಬಿಟ್ಟಿದ್ದೀಯಲ್ಲಮ್ಮ ಎಂದು. ಬೈಗುಳವಲ್ಲ, ಸುಮ್ಮನೆ ಆಶ್ಚರ್ಯಪಟ್ಟು ಹೇಳಿದ್ದು. ಬೈದಿದ್ದರೆ ವಾಸಿಯಿತ್ತು.

ಅಪ್ಪ ಮೆಚ್ಚಿದ ಗಂಟು ಅದು. ಕಬ್ಬಿಣ.

ನನ್ನ ಕಣ್ಣು ತುಂಬಿದ್ದನ್ನು ನೋಡಿ ನಾಗವೇಣಿ ಹತ್ತಿರ ಬಂದಳು. ಸಮಾಧಾನದ ಮಾತು ಹುಡುಕುತ್ತಾ ಅವಳ ತಲೆಗೆ ಥಟ್ಟನೆ ಏನೋ ಹೊಳೆದು, ಕಣ್ಣರಳಿಸಿ, "ಅಬ್ಬಾ! ಅವತ್ತು ನೀನು ನಂಗೂ ಕಟ್ಕೊಟ್ಟಿದ್ರೆ ನಂದೂ ಎಲ್ಲಾ ಹೋಗ್ಬುಡ್ತಿತ್ತು ಕಣೇ! ಒಳ್ಳೇದಾಯ್ತು ನೀನು ಕಟ್ಕೊಡ್ದಿದ್ದು!" ಎಂದು ನನ್ನ ಕೈ ಹಿಡಿದು ಕುಲುಕಿದಳು. ಕೊಂಕಿಲ್ಲ, ಕುಹಕವಿಲ್ಲ, ನಿಜವಾದ ಕೃತಜ್ಞತೆ. ಹೊಟ್ಟೆಕಿಚ್ಚಿಗೆ ಧನ್ಯವಾದ ಪಡೆದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಾನು ಒಳ್ಳೆಯವಳಾಗಿದ್ದಿದ್ದರೆ, ಕೇಳಿದ ಕೂಡಲೇ ನಗುನಗುತ್ತಾ ಗಂಟು ಹಾಕಿಕೊಟ್ಟಿದ್ದರೆ, ಅವಳ ಸಾಲೂ ನನ್ನದರಂತೆ ಬರಿದಾಗಿ, ಇಬ್ಬರೂ ಅಕ್ಕಪಕ್ಕ ಕೂತು ಅಳಬಹುದಿತ್ತು. ನನ್ನ ಕಿಚ್ಚೇ ಅವಳ ಬೆಳೆ ಕಾಪಾಡಿತು.

ಇಷ್ಟಾದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಒಂದು ಕಾಯಿ ಇತ್ತಲ್ಲ? ಸಾರ್ ಅತ್ತ ಹೋದ ಮೇಲೆ ಅದನ್ನು ಕೈಗೆತ್ತಿಕೊಂಡು ನೋಡಿದೆ. ದಾರ ನನ್ನದೇ, ಕೆಂಪು ರೇಷ್ಮೆ. ಗಂಟು ನನ್ನದಲ್ಲ. ಎರಡು ಸುತ್ತು ಸುತ್ತಿ, ತುದಿ ತೂರಿಸಿ, ಗಾಳಿಗೆ ಬಿಟ್ಟ ಗಂಟು. ಕತ್ತಲಲ್ಲಿ ಬೆರಳು ಮುಟ್ಟಿಸಿ ಕೊಟ್ಟರೂ ಅದು ಯಾರದೆಂದು ಹೇಳುತ್ತಿದ್ದೆ. ತಲೆಯೆತ್ತಿ ನಾಗವೇಣಿಯನ್ನು ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ನಾನು ಊರಿಗೆ ಹೋದಾಗ ಪಾಪ ಎಂದುಕೊಂಡು ನನ್ನ ಒಂದು ಹೂವಿಗೆ ತಾನೇ ಎಲ್ಲ ಮಾಡಿ ಕಟ್ಟಿದ್ದಾಳೆ ಎಂದು ಅರ್ಥವಾಯಿತು. ಅವಳು ಕೇಳಿದರೂ ನಾನು ಕೊಡಲಿಲ್ಲ, ನಾನು ಕೇಳದೆಯೇ ಅವಳು ಕೊಟ್ಟಳು. ನಾನೂ ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ.

ಅದರಲ್ಲಿ ಎರಡು ಬೀಜ ಇದ್ದವು. ಎರಡೂ ಮೊಳೆತು, ಗಂಡು ತಳಿಯ ನೇರಳೆ ಛಾಯೆ ಕಾಂಡದಲ್ಲಿ ಎದ್ದು ಕಂಡಿತು, ನಿಜವಾದ ಸಂಕರವೇ. ಆದರೆ ಒಂದು ಕಾಯಿಯ ಮೇಲೆ ಪ್ರಾಜೆಕ್ಟು ನಿಲ್ಲುವುದಿಲ್ಲ. ಆ ಗಿಡಗಳು ನಾಗವೇಣಿಯ ಗಿಡಗಳ ಜೊತೆ ಹೋದವು. ಕಡಲೆಕಾಯಿಯಲ್ಲಿ ಸಂಕರ ವಿಫಲವಾಗಲು ಕಾರಣಗಳು ಎಂಬ ವಿಷಯದ ಮೇಲೆ ಬರೆಯಲು ಸಾರ್ ನನಗೆ ಹೇಳಿದರು. ಬಹಳ ಚೆನ್ನಾಗಿ ಬರೆದೆ, ಅನುಭವದ ಮಾತಲ್ಲವೇ? ನಾಗವೇಣಿ ಸಂಶೋಧನೆಗೆ ಉಳಿದಳು. ಈಗ ಕಲ್ಯಾಣದುರ್ಗದ ಕಡೆಯೇ ತಳಿ ಬೆಳೆಸುವ ಕೆಲಸದಲ್ಲಿದ್ದಾಳೆ. ನಾನು ಹಿಂದೂಪುರದ ಡಿಗ್ರಿ ಕಾಲೇಜಿನಲ್ಲಿ ಬಟಾಣಿಯ ಬಣ್ಣ ಹೇಳಿಕೊಡುತ್ತೇನೆ.

ಅವಳ ಜಡೆ, ನಿದ್ದೆ, ಕೆಲಸ, ಇವುಗಳ ಮೇಲಿನ ಉರಿ ಕಾಲ ಕಳೆದಂತೆ ತಣ್ಣಗಾಯಿತು. ಜಡೆಯಂತೂ ಈಗ ಇಬ್ಬರದೂ ಒಂದೇ, ಇಲಿ ಬಾಲ. ತಣ್ಣಗಾಗದೆ ಉಳಿದದ್ದು ಆ ದಯೆಯ ಮೇಲಿನ ಉರಿ. ಇನ್ನೊಬ್ಬರಿಗಿಂತ ಜಾಣೆಯಲ್ಲ ಎಂಬುದನ್ನು ಸಹಿಸಬಹುದು. ಇನ್ನೊಬ್ಬರಷ್ಟು ಒಳ್ಳೆಯವಳಲ್ಲ ಎಂಬುದು ವರ್ಷಗಟ್ಟಲೆ ಸುಡುತ್ತದೆ. ಅವಳಿಗೆ ಒಮ್ಮೆಯಾದರೂ, ಯಾರ ಮೇಲಾದರೂ, ಒಂದಿಷ್ಟಾದರೂ ಹೊಟ್ಟೆಕಿಚ್ಚು ಬಂದಿದೆಯೇ? ಬಂದಿರಲಾರದು ಎಂದೇ ನನಗೆ ಹೊಟ್ಟೆಕಿಚ್ಚು. ಹೋದ ವಾರ ಚೀಲದ ಮುಂದೆ ನಾನು ತಪಸ್ಸಿಗೆ ಕೂತದ್ದು ಇದಕ್ಕೆ.

ಕೂತಿದ್ದಾಗಲೇ ಅವಳ ಫೋನು ಬಂತು.

"ಚೀಲ ಸಿಕ್ತೇನೇ? ತಿಂದ್ಯಾ? ಎಂಗೈತೆ?"

"ಇನ್ನೂ ಬಿಚ್ಚಿಲ್ಲ. ನಿನ್ನ ಗಂಟು ನೋಡ್ತಿದ್ದೀನಿ" ಅಂದೆ.

ಅವಳು ನಕ್ಕಳು. "ಬಿಚ್ಚಿ ನೋಡು, ತಿಂದ್ಬುಟ್ಟು ಹೇಳು. ಅದು ನಿಂದೇ ಕಣೇ. ನಿನ್ ಒಂದು ಕಾಯಿ ಇತ್ತಲ್ಲ, ಅದ್ರ ವಂಶ. ಬ್ಯಾರೆ ಇಟ್ಕೊಂಡು ಬೆಳಿಸ್ಕೊಂಡು ಬಂದೀನಿ. ಈ ಸಲ ಚೆನ್ನಾಗ್ ಬಂದೈತೆ."

ಸುಮ್ಮನಿರಲಾಗಲಿಲ್ಲ. ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದೆ. "ನಂದು ಹೇಗಾಗುತ್ತೆ ನಾಗವೇಣಿ? ಆ ಗಂಟು ನೀನು ಹಾಕಿದ್ದು. ನಾನು ಊರಿಗೆ ಹೋದಾಗ ಪಾಪ ಅಂತ ನೀನು..."

"ಪಾಪನಾ? ಯಾರಿಗೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ಲೇ, ನೀನು ತಪ್ಪು ತಿಳ್ಕಬ್ಯಾಡ. ನಿನ್ ಸಾಲ್ನಾಗೆ ಆ ಕೆಂಪು ದಾರ ನೋಡಿ ನೋಡಿ ನಂಗೆ ಹೊಟ್ಟೆ ಉರಿದೋಗಿತ್ತು ಕಣೇ. ನಂದು ಗೊಬ್ರದ ಚೀಲದ ನೂಲು, ನಿಂದು ರೇಷ್ಮೆ! ಸಾರ್ ಬೇರೆ ನಿಂದೇ ನಿಂತ್ಕಂಡು ನೋಡಿದ್ರು, ನನ್ ಕಡೆ ತಿರುಗೂ ನೋಡ್ಲಿಲ್ಲ. ನಿನ್ ಹತ್ರ ಕಟ್ಟಿಸ್ಕಳಣ ಅಂದ್ರೆ ನೀನೂ ಆಗಲ್ಲ ಅಂದೆ. ನೀನು ಊರ್ಗೆ ಹೋಗಿದ್ದೇ ತಡ, ಗೂಡ್ನಾಗೆ ಇತ್ತಲ್ಲ ಉಂಡೆ, ಒಂದೆಳೆ ಕದ್ಕಂಡು ಹೋಗಿ, ಒಂದು ಹೂವಾದ್ರೂ ಅದ್ರಾಗೆ ಕಟ್ಬೇಕು ಅಂತ ಪರಾಗ ಹಾಕಿ ಕಟ್ಟಿದ್ದು. ನನ್ ಸಾಲ್ನಾಗೆ ಕಟ್ಟಿದ್ರೆ ನೀನು ಕಂಡ್ ಹಿಡೀತೀಯ ಅಂತ ನಿನ್ ಸಾಲ್ನಾಗೇ ಕಟ್ಬುಟ್ಟೆ" ಎಂದಳು.

ಸುಪ್ತ ಗುಣಗಳು ಎರಡೂ ಕಡೆಯಿಂದ ಬಂದಾಗ ಮಾತ್ರ ಎದ್ದು ಕೂರುತ್ತವೆ ಎಂದು ಎಷ್ಟು ಬ್ಯಾಚಿಗೆ ಪಾಠ ಮಾಡಿದ್ದೇನೋ. ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಆ ಗಂಟಿನ ತುದಿ ಹಿಡಿದು ಜಗ್ಗಿದ್ದೇ ಸಾಕು, ತಾನಾಗಿ ಬಿಚ್ಚಿಕೊಂಡಿತು. ಕಾಯಿಗಳು ತೊಡೆಯ ಮೇಲೆಲ್ಲ ಉರುಳಿದವು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು, ಯಾಕೆಂದರೆ ನಾನು ಅಳುತ್ತಾ ನಗುತ್ತಿದ್ದೆ.

"ಹಲೋ? ಇದ್ದೀಯೇನೇ? ಬೇಜಾರಾಯ್ತಾ?" ನಾಗವೇಣಿ ಕೇಳುತ್ತಿದ್ದಳು.

"ಇಲ್ಲ ಕಣೇ," ಎಂದೆ, ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತಾ. "ಹೊಟ್ಟೆ ಉರೀತಿತ್ತು ಅಂದ್ಯಲ್ಲ, ಅದನ್ನ ಇನ್ನೊಂದ್ ಸಲ ಹೇಳು. ನಿಧಾನವಾಗಿ ಹೇಳು."